ಕಂಪನಿಗಾಗಿ ಬರೆದ ಕೋಡನ್ನು ನಾನೇ ಓಪನ್ ಸೋರ್ಸ್ ಮಾಡಬಹುದೇ?

ಆಫೀಸಿನ ಕೆಲಸಕ್ಕೆಂದು ಬರೆದ ಲಾಗ್ (ಸರ್ವರ್‌ಗಳು ಬರೆದಿಡುವ ದಾಖಲೆ) ಹುಡುಕುವ ಟೂಲ್, ಅರ್ಧ ಕೋಡ್ ಮನೆಯಲ್ಲಿ ಸ್ವಂತ ಲ್ಯಾಪ್‌ಟಾಪಿನಲ್ಲಿ ಬರೆದದ್ದು, "ಹಾಕಿಕೊಳ್ಳಿ, ತೊಂದರೆಯಿಲ್ಲ" ಎಂದು ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದಾರೆ. ಯಾರು ಬೇಕಾದರೂ ಬಳಸಲು, ತಿದ್ದಲು ಬಿಡುವ ಎಂಐಟಿ ಲೈಸೆನ್ಸ್ ಕೊಟ್ಟು, ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ಗೆ ನನ್ನ ಹೆಸರಿನಲ್ಲಿ ಏರಿಸಿ ಓಪನ್ ಸೋರ್ಸ್ ಮಾಡಬಹುದೇ ಎಂದು ಕೇಳಿದ್ದೀರಿ. ಇಷ್ಟನ್ನೇ ನಂಬಿ ಏರಿಸಬೇಡಿ. ಹಾಗಂತ ಆಸೆ ಬಿಡಲೂ ಬೇಡಿ, ಇದು ಆಗುವ ಕೆಲಸವೇ. ನಾನು ಕೆಲಸ ಮಾಡಿದ ಕಡೆ ಇಂಥ ಬಿಡುಗಡೆಗಳಿಗೆ ಒಪ್ಪಿಗೆ ಪಡೆಯುವ ಓಡಾಟ ಮಾಡಿದ್ದೇನೆ, ಆ ಅನುಭವದಿಂದ ಹೇಳುತ್ತಿದ್ದೇನೆ.

ಲೈಸೆನ್ಸ್ ಅಂದರೆ ಕಾಪಿರೈಟ್ ಇರುವವರು ಕೊಡುವ ಅನುಮತಿ. ನೌಕರಿಯ ಭಾಗವಾಗಿ ಬರೆದ ಕೋಡಿನ ಕಾಪಿರೈಟ್, ಬೇರೆ ಒಪ್ಪಂದ ಇಲ್ಲದಿದ್ದರೆ, ಬಹಳಷ್ಟು ದೇಶಗಳಲ್ಲಿ ಮಾಲೀಕರದ್ದು. ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುವುದೂ ಇದನ್ನೇ. ಸ್ವಂತ ಲ್ಯಾಪ್‌ಟಾಪ್, ರಾತ್ರಿ ಹೊತ್ತು ಎಂಬುದು ನೀವು ಅಂದುಕೊಂಡಷ್ಟು ನೆರವಿಗೆ ಬರುವುದಿಲ್ಲ. ನೌಕರರ ಪರವಾಗಿರುವ ಕಾನೂನು ಎಂದು ಹೆಸರಾದ ಕ್ಯಾಲಿಫೋರ್ನಿಯಾದ ಲೇಬರ್ ಕೋಡ್ 2870 ಕೂಡ, ಸ್ವಂತ ಸಮಯದಲ್ಲಿ ಸ್ವಂತ ಸಲಕರಣೆಯಿಂದ ಮಾಡಿದ್ದನ್ನು ನೌಕರನಿಗೆ ಬಿಟ್ಟುಕೊಟ್ಟರೂ, ಅದು ಕಂಪನಿಯ ವ್ಯವಹಾರಕ್ಕೆ ಸಂಬಂಧಿಸಿದ್ದರೆ ಆ ರಕ್ಷಣೆ ಕೊಡುವುದಿಲ್ಲ. ನಿಮ್ಮ ಟೂಲ್ ಹುಟ್ಟಿದ್ದೇ ಆಫೀಸಿನ ಕೆಲಸಕ್ಕೆ. ನಿಮ್ಮ ನೇಮಕಾತಿ ಒಪ್ಪಂದದಲ್ಲಿ ಬೌದ್ಧಿಕ ಆಸ್ತಿಯ ಬಗ್ಗೆ ಏನಿದೆ ಎಂದು ಇವತ್ತೇ ತೆಗೆದು ಓದಿ.

ಒಡೆಯರಲ್ಲದವರು ಕೊಟ್ಟ ಲೈಸೆನ್ಸಿಗೆ ಬೆಲೆಯಿಲ್ಲ. ನನಗೆ ಹೆಚ್ಚು ಕಳವಳ ಇರುವುದು ನಿಮ್ಮ ನೌಕರಿಯ ಬಗ್ಗೆಗಿಂತ, ಎಂಐಟಿ ಎಂದು ನಂಬಿ ಆ ಕೋಡನ್ನು ತಮ್ಮ ಪ್ರಾಡಕ್ಟಿನಲ್ಲಿ ಸೇರಿಸಿಕೊಳ್ಳುವವರ ಬಗ್ಗೆ. ನಾಳೆ ನಿಮ್ಮ ಕಂಪನಿ ಆಕ್ಷೇಪಿಸಿದರೆ ಏನೂ ತಪ್ಪು ಮಾಡದ ಅವರು ಕಿತ್ತು ಹೊಸದಾಗಿ ಕಟ್ಟಬೇಕಾಗುತ್ತದೆ. ಇದು ಅತಿಯಾದ ಭಯವಲ್ಲ. ಮುಕ್ತ ತಂತ್ರಾಂಶ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ 1984ರ ಜನವರಿಯಲ್ಲಿ ಗ್ನೂ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಬರೆಯಲು ಕೂರುವ ಮೊದಲು ಎಂಐಟಿ ಸಂಸ್ಥೆಯ ಕೆಲಸವನ್ನೇ ಬಿಟ್ಟರು. ಸಂಸ್ಥೆ ಆ ಕೋಡಿನ ಮೇಲೆ ಹಕ್ಕು ಹೇಳಬಾರದು ಎಂಬುದು ಒಂದು ಮುಖ್ಯ ಕಾರಣ. ಗ್ನೂವಿನ ಲೈಸೆನ್ಸಾದ ಜಿಪಿಎಲ್‌ನ 1991ರ ಎರಡನೇ ಆವೃತ್ತಿಯ ಕೊನೆಯಲ್ಲೂ, ನೀವು ಪ್ರೋಗ್ರಾಮರ್ ಆಗಿ ದುಡಿಯುತ್ತಿದ್ದರೆ ಅಗತ್ಯವಿದ್ದಲ್ಲಿ ಮಾಲೀಕರಿಂದ ಹಕ್ಕುತ್ಯಾಗದ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ ಎಂಬ ಸೂಚನೆ, ಅದರ ಮಾದರಿಯ ಸಮೇತ ಇದೆ.

ಇನ್ನು ಮ್ಯಾನೇಜರ್ ಮಾತು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಕಂಪನಿಯ ಆಸ್ತಿಯನ್ನು ಬಿಟ್ಟುಕೊಡುವ ಅಧಿಕಾರ ಸಾಮಾನ್ಯವಾಗಿ ಅವರಿಗಿರುವುದಿಲ್ಲ. ಆ ಅಧಿಕಾರ ಯಾರಿಗಿದೆ ಎಂದು ಅವರನ್ನೇ ಕೇಳಿ, ಅವರ ಮೂಲಕವೇ ಲೀಗಲ್‌ನವರನ್ನೋ ಸಿಟಿಒ (ತಂತ್ರಜ್ಞಾನದ ಮುಖ್ಯಸ್ಥರು) ಅವರನ್ನೋ ತಲುಪಿ. ಸಣ್ಣ ಕಂಪನಿಯಾದರೆ ನೇರ ಸ್ಥಾಪಕರನ್ನೇ. ಮೇಲ್ ಚಿಕ್ಕದಾಗಿರಲಿ, ಅಸ್ಪಷ್ಟವಾಗಿ ಬೇಡ (ರೆಪೊ ಅಂದರೆ ಕೋಡ್ ಇಟ್ಟಿರುವ ಕಡತಕೋಶ; ಅಪಾಚೆ 2.0 ಇನ್ನೊಂದು ಓಪನ್ ಸೋರ್ಸ್ ಲೈಸೆನ್ಸ್, ಅದೇ ಏಕೆಂದು ಮುಂದೆ ಹೇಳುತ್ತೇನೆ): "ಈ ರೆಪೊದಲ್ಲಿರುವ ಕೋಡನ್ನೂ, ಮುಂದೆ ನಾನು ಅದಕ್ಕೆ ಮಾಡುವ ತಿದ್ದುಪಡಿಗಳನ್ನೂ ಅಪಾಚೆ 2.0 ಲೈಸೆನ್ಸಿನಡಿ ಬಿಡುಗಡೆ ಮಾಡಲು ಕಂಪನಿಯ ಒಪ್ಪಿಗೆ ಕೋರುತ್ತೇನೆ." ಆ ಮುಂದಿನ ತಿದ್ದುಪಡಿಗಳ ಮಾತು ಬಿಟ್ಟರೆ ಪ್ರತಿ ಬಗ್ ಸರಿಪಡಿಸಿದಾಗಲೂ ಮತ್ತೆ ಬಾಗಿಲು ತಟ್ಟಬೇಕು. ಕಾಪಿರೈಟ್ ಸಾಲಿನಲ್ಲಿ ಕಂಪನಿಯ ಹೆಸರಿರಲಿ. ಬರೆದವರು ನೀವೆಂಬುದು ಬರೆದವರ ಹೆಸರುಗಳನ್ನು ಪಟ್ಟಿ ಮಾಡುವ ಲೇಖಕರ ಫೈಲಿನಲ್ಲಿ ಉಳಿಯುತ್ತದೆ, ಆ ಶ್ರೇಯಸ್ಸನ್ನು ಕೇಳಿ ಪಡೆಯಿರಿ.

ಎಂಐಟಿ ಬದಲು ಅಪಾಚೆ ಎಂದದ್ದಕ್ಕೆ ಕಾರಣ ಪೇಟೆಂಟ್. ಎಂಐಟಿ ಪೇಟೆಂಟ್ ಬಗ್ಗೆ ಬಾಯಿಬಿಟ್ಟು ಏನೂ ಹೇಳುವುದಿಲ್ಲ. 2004ರ ಅಪಾಚೆ 2.0 ಪೇಟೆಂಟ್ ಬಳಕೆಗೆ ಸ್ಪಷ್ಟವಾಗಿ ಅನುಮತಿ ಕೊಡುತ್ತದೆ, ಕಂಪನಿಯ ಟ್ರೇಡ್‌ಮಾರ್ಕನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಈ ಎರಡೂ ವಿಷಯ ಬರಹದಲ್ಲೇ ಇರುವುದರಿಂದ ಲೀಗಲ್‌ನವರು ಸುಲಭವಾಗಿ ಒಪ್ಪುವುದನ್ನು ಕಂಡಿದ್ದೇನೆ.

ಒಪ್ಪಿಗೆ ಬಂದ ಕೂಡಲೇ ಈಗಿರುವ ರೆಪೊವನ್ನೇ ಸಾರ್ವಜನಿಕ ಮಾಡಬೇಡಿ. ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಗಳನ್ನು ಬಳಸಲು ಬೇಕಾದ ಗುಪ್ತ ಸಂಕೇತ), ಒಳಗಿನ ಸರ್ವರ್ ಹೆಸರು ಇವನ್ನೆಲ್ಲ ಈಗಿನ ಫೈಲುಗಳಿಂದ ಅಳಿಸಿದರೂ ಕೋಡಿನ ಪ್ರತಿ ಬದಲಾವಣೆಯನ್ನೂ ಉಳಿಸಿಡುವ ಗಿಟ್‌ನ ಹಳೆಯ ಕಮಿಟ್‌ಗಳಲ್ಲಿ, ಅಂದರೆ ದಾಖಲಾದ ಹಳೆಯ ಬದಲಾವಣೆಗಳಲ್ಲಿ, ಹಾಗೇ ಕೂತಿರುತ್ತವೆ. ಲಾಗ್ ಟೂಲ್ ಆದ್ದರಿಂದ ಟೆಸ್ಟ್ ಫೋಲ್ಡರನ್ನು ಇನ್ನೂ ಗಮನವಿಟ್ಟು ನೋಡಿ: ಮಾದರಿಗೆಂದು ಇಟ್ಟ ಲಾಗ್‌ಗಳಲ್ಲಿ ನಿಜವಾದ ಗ್ರಾಹಕರ ಐಪಿ ವಿಳಾಸ, ಇಮೇಲ್ ಇದ್ದರೆ ಅದು ಬೇರೆಯವರ ಖಾಸಗಿತನದ ಪ್ರಶ್ನೆ. ಸ್ವಚ್ಛಗೊಳಿಸಿದ ಕೋಡನ್ನು ಹೊಸ ರೆಪೊದಲ್ಲಿ ಒಂದೇ ಕಮಿಟ್ ಆಗಿ ಶುರು ಮಾಡುವುದು ಕ್ಷೇಮ. ಹಾಗೆ ಮಾಡಿದಾಗ ಹಳೆಯ ಕಮಿಟ್ ಇತಿಹಾಸ ಬರುವುದಿಲ್ಲವಾದ್ದರಿಂದ ಲೇಖಕರ ಫೈಲನ್ನು ಮರೆಯಬೇಡಿ. ಹೊರಗೆ ಬಿದ್ದಿರಬಹುದು ಎನಿಸಿದ ಕೀಗಳನ್ನು ಅಳಿಸಿದರೆ ಸಾಲದು, ಬದಲಾಯಿಸಲೇಬೇಕು. ಎಲ್ಲಿಂದಲೋ ಕಾಪಿ ಮಾಡಿದ ತುಣುಕುಗಳು, ಸಹೋದ್ಯೋಗಿಗಳು ಅಥವಾ ಹೊರಗುತ್ತಿಗೆಯವರು ಬರೆದ ಭಾಗಗಳು ಇದ್ದರೆ ಅವುಗಳ ಹಕ್ಕು ಯಾರದ್ದು ಎಂದೂ ನೋಡಿ. ಗುತ್ತಿಗೆಯವರ ಕೋಡ್ ತಾನಾಗಿಯೇ ಕಂಪನಿಯದ್ದಾಗುವುದಿಲ್ಲ, ಅವರ ಕರಾರಿನಲ್ಲಿ ಹಾಗೆ ಬರೆದಿರಬೇಕು.

ಕೆಲಸ ಬಿಡುವ ಯೋಚನೆಯಿದ್ದರೆ ಇದೆಲ್ಲ ಅದಕ್ಕೂ ಮುಂಚೆ ಮುಗಿಯಲಿ. ಹೊರಬಂದವರ ಮೇಲ್‌ಗೆ ಉತ್ತರ ಬರೆಯುವ ಅವಸರ ಯಾರಿಗೂ ಇರುವುದಿಲ್ಲ.

ಇಡೀ ಟೂಲಿಗೆ ಒಪ್ಪದಿದ್ದರೆ, ಕಂಪನಿಯ ವ್ಯವಹಾರದ ಗುಟ್ಟು ಯಾವುದೂ ಇಲ್ಲದ ಸಾಮಾನ್ಯ ಭಾಗವನ್ನು, ನಿಮ್ಮಲ್ಲಾದರೆ ಲಾಗ್ ಓದಿ ಬಿಡಿಸುವ ಲೈಬ್ರರಿಯನ್ನು, ಬೇರೆ ಮಾಡಿ ಅದಕ್ಕಷ್ಟೇ ಕೇಳಿ. ಅಷ್ಟಕ್ಕೆ ಹೂಂ ಅನ್ನುವವರು ಹೆಚ್ಚು, ಬೇರೆಯವರಿಗೆ ನಿಜವಾಗಿ ಬೇಕಾಗುವುದೂ ಬಹುತೇಕ ಆ ಭಾಗವೇ.