ರಷ್ಯಾ ದೊರೆಯ ಹೆಸರು, ನಾರ್ವೆಯ ಹಕ್ಕು: ಪೀಟರ್ ದ್ವೀಪದ ಕಥೆ

ಪ್ರಶ್ನೆ: ಅಟ್ಲಾಸಿನಲ್ಲಿ ಅಂಟಾರ್ಕ್ಟಿಕಾದ ಬಳಿ 'ಒಂದನೆಯ ಪೀಟರ್ ದ್ವೀಪ' ಎಂಬ ಚುಕ್ಕೆಯನ್ನು ಕಂಡೆ. ಜನವಸತಿಯಿಲ್ಲದ ಈ ದ್ವೀಪಕ್ಕೆ ರಷ್ಯಾದ ದೊರೆಯ ಹೆಸರಿದ್ದರೂ ಪಕ್ಕದಲ್ಲಿ 'ನಾರ್ವೆ' ಎಂದು ಬರೆದಿರುವುದೇಕೆ?

ಉತ್ತರ: ನೀವು ಕಂಡ ಚುಕ್ಕೆ ಸಮುದ್ರದಿಂದ ಮೇಲೆದ್ದ ಜ್ವಾಲಾಮುಖಿ ಪರ್ವತ. ಅಂಟಾರ್ಕ್ಟಿಕಾದ ಕರಾವಳಿಯಿಂದ ಸುಮಾರು 450 ಕಿ.ಮೀ. ದೂರದಲ್ಲಿ, ದಕ್ಷಿಣ ಧ್ರುವವೃತ್ತದ ಒಳಗಿರುವ ಇದರ ವಿಸ್ತೀರ್ಣ ಸುಮಾರು 155 ಚದರ ಕಿ.ಮೀ.; ಅದರ ಬಹುಪಾಲನ್ನು ಹಿಮನದಿಗಳು ಮುಚ್ಚಿವೆ. ಸುತ್ತಲಿನ ಕಡಲು ವರ್ಷದ ಹೆಚ್ಚಿನ ಕಾಲ ಮಂಜುಗಡ್ಡೆಯಿಂದ ತುಂಬಿರುತ್ತದೆ, ದಡವೆಲ್ಲ ಕಡಿದಾದ ಹಿಮಗೋಡೆ. ಇಲ್ಲಿ ಜನ ನೆಲೆಸದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

1821ರ ಜನವರಿಯಲ್ಲಿ 'ವೊಸ್ತೋಕ್' ಮತ್ತು 'ಮಿರ್ನಿ' ಎಂಬ ಎರಡು ಹಡಗುಗಳೊಂದಿಗೆ ಬಂದ ರಷ್ಯಾದ ನೌಕಾಧಿಕಾರಿ ಬೆಲ್ಲಿಂಗ್ಸ್‌ಹೌಸೆನ್, ಮಂಜುಗಡ್ಡೆ ಅಡ್ಡವಾದ್ದರಿಂದ ದ್ವೀಪವನ್ನು ದೂರದಿಂದ ಮಾತ್ರ ನೋಡಿ, ರಷ್ಯಾದ ನೌಕಾಪಡೆಯನ್ನು ಕಟ್ಟಿದ ದೊರೆ ಪೀಟರನ ಹೆಸರನ್ನು ಅದಕ್ಕಿಟ್ಟರು. ಧ್ರುವವೃತ್ತದ ದಕ್ಷಿಣಕ್ಕೆ ಮನುಷ್ಯರು ಕಂಡ ಮೊದಲ ನೆಲ ಇದೆಂದು ಆಗ ದಾಖಲಾಯಿತು. ಮೊದಲ ಬಾರಿಗೆ ಅಲ್ಲಿ ಕಾಲಿಡಲು ಮತ್ತೆ 108 ವರ್ಷ ಬೇಕಾಯಿತು: 1929ರ ಫೆಬ್ರುವರಿ 2ರಂದು 'ನಾರ್ವೆಜಿಯಾ' ಹಡಗಿನ ತಂಡ ಇಳಿದು ನಾರ್ವೆಯ ಬಾವುಟ ನೆಟ್ಟಿತು. ಈ ಯಾನಕ್ಕೆ ಹಣ ಹೂಡಿದವರು ಸ್ಯಾಂಡೆಫ್ಯೋರ್ಡ್ ಪಟ್ಟಣದ ತಿಮಿಂಗಿಲ ಬೇಟೆ ಉದ್ಯಮಿ ಲಾರ್ಸ್ ಕ್ರಿಸ್ಟೆನ್ಸೆನ್. ದಕ್ಷಿಣ ಸಾಗರದಲ್ಲಿ ಬ್ರಿಟನ್ನಿನ ಪರವಾನಗಿ ಮತ್ತು ಶುಲ್ಕಕ್ಕೆ ಒಳಪಡದೆ ಬೇಟೆಯಾಡುವ ನೆಲೆಗಳು ನಾರ್ವೆಗೆ ಬೇಕಿದ್ದವು. 1931ರಲ್ಲಿ ಅದು ದ್ವೀಪವನ್ನು ತನ್ನದೆಂದು ಘೋಷಿಸಿತು.

ದ್ವೀಪದೊಳಗಿನ ಹೆಸರುಗಳನ್ನು ಗಮನಿಸಿದರೆ ಈ ಚರಿತ್ರೆ ಇನ್ನೂ ಸ್ಪಷ್ಟವಾಗುತ್ತದೆ. ಸುಮಾರು 1,640 ಮೀಟರ್ ಎತ್ತರದ ಶಿಖರಕ್ಕೆ ಕ್ರಿಸ್ಟೆನ್ಸೆನ್ ಹೆಸರು, ಒಂದು ಭೂಶಿರಕ್ಕೆ ಅವರ ಪತ್ನಿ ಇಂಗ್ರಿಡ್ ಹೆಸರು, ಕೊಲ್ಲಿಗಳಿಗೆ ಹಡಗಿನದೂ ಅವರ ಊರಿನದೂ. ದ್ವೀಪಕ್ಕೆ ದೊರೆಯ ಹೆಸರಿದ್ದರೂ ಅದರ ಒಳಗೆಲ್ಲ ಒಬ್ಬ ಹಡಗು ಮಾಲೀಕನ ಸಂಸಾರವೇ ಇದೆ; ಮೂಲನಿವಾಸಿಗಳೇ ಇಲ್ಲದ ನೆಲದಲ್ಲಿ ಯಾನದ ಖರ್ಚು ಹೊತ್ತವರ ಹೆಸರೇ ಉಳಿಯುವುದು ಸಹಜವೆಂದು ನನಗನ್ನಿಸುತ್ತದೆ.

'ನಾರ್ವೆ' ಎಂಬುದನ್ನು ಮಾತ್ರ ಎಚ್ಚರದಿಂದ ಓದಬೇಕು. ದ್ವೀಪವು 60 ಡಿಗ್ರಿ ದಕ್ಷಿಣ ಅಕ್ಷಾಂಶದ ಆಚೆಗಿರುವುದರಿಂದ 1959ರ ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಒಳಪಡುತ್ತದೆ. ಆ ಒಪ್ಪಂದ ಹಳೆಯ ಹಕ್ಕುಗಳನ್ನು ಅಳಿಸುವುದೂ ಇಲ್ಲ, ಒಪ್ಪುವುದೂ ಇಲ್ಲ, ಹೊಸದಾಗಿ ಹಕ್ಕು ಹೂಡಲು ಬಿಡುವುದೂ ಇಲ್ಲ. ನಾರ್ವೆ ತನ್ನದೆನ್ನುವ ಕ್ವೀನ್ ಮಾಡ್ ಲ್ಯಾಂಡ್‌ನಲ್ಲಿ ಭಾರತದ 'ಮೈತ್ರಿ' ಸಂಶೋಧನಾ ಕೇಂದ್ರ ನಡೆಯುತ್ತಿರುವುದೂ ಇದೇ ಒಪ್ಪಂದದ ಅಡಿಯಲ್ಲಿ.