ನಕ್ಕಿದ್ದಕ್ಕೆ ಸಂಕೋಚ ಬೇಡ

ಶಿರಸಿಯ ಓದುಗರಿಗೆ ನಮಸ್ಕಾರ.

ನಾಜಿ ಕಾಲದ ಪ್ರಚಾರ ಚಿತ್ರಗಳ ಪಟ್ಟಿಯಲ್ಲಿ ನಾವು 'ಕ್ವಾಕ್ಸ್, ದೆರ್ ಬ್ರುಖ್‌ಪಿಲೋಟ್' ಅನ್ನುವ ಜರ್ಮನ್ ಹಾಸ್ಯಚಿತ್ರದ ಹೆಸರನ್ನೂ ಹಾಕಿದ್ದೆವು. ನಿಮಗೆ ಸಿಟ್ಟು ಬಂದಿದೆ. 'ಅದರಲ್ಲಿ ಯುದ್ಧವೇ ಇಲ್ಲ. ಮನೆಮಂದಿಯೆಲ್ಲ ಕೂತು ನಕ್ಕೆವು. ಪ್ರಚಾರ ಎಲ್ಲಿದೆ?' ಅಂತ ಕೇಳಿದ್ದೀರಿ.

ನಾನೂ ನಕ್ಕವನೇ. ಸ್ಪರ್ಧೆಯಲ್ಲಿ ಪ್ರವಾಸ ಗೆಲ್ಲುವ ಆಸೆಯಲ್ಲಿದ್ದ ಕ್ವಾಕ್ಸ್‌ಗೆ ಗಂಟುಬಿದ್ದದ್ದು ವಿಮಾನ ಕಲಿಯುವ ಬಹುಮಾನ. ಬೇಡಪ್ಪಾ ಅಂತ ಊರಿಗೆ ಬಂದರೆ, ಊರಿಗೆ ಊರೇ ಅವನನ್ನು ವೀರ ಅಂತ ಮೆರೆಸುತ್ತದೆ. ಇನ್ನು ನಿಜ ಹೇಳಲು ಬಾಯಿ ಬರುತ್ತದೆಯೇ? ಪಾಪ, ಮತ್ತೆ ವಿಮಾನ ಹತ್ತಲೇಬೇಕು. ಆ ಪಾತ್ರ ಮಾಡಿದ ಹೈಂಜ್ ರ್ಯೂಮಾನ್‌ಗೆ ನಿಜಕ್ಕೂ ಪೈಲಟ್ ಲೈಸೆನ್ಸ್ ಇತ್ತು. ವಿಮಾನ ತಾನೇ ಹಾರಿಸಿದ. ಆ ತೂರಾಟ ಅಷ್ಟು ಸೊಗಸಾಗಿರುವುದು ಸುಮ್ನೆ ಅಲ್ಲ.

ಕಥೆ ನಡೆಯುವುದು 1928ರಲ್ಲಿ. ಆಗ ಮೊದಲ ಮಹಾಯುದ್ಧ ಸೋತ ಮೇಲೆ ಆದ ವರ್ಸೇಲ್ಸ್ ಒಪ್ಪಂದದಿಂದಾಗಿ ಜರ್ಮನಿ ವಾಯುಪಡೆ ಇಟ್ಟುಕೊಳ್ಳುವಂತಿರಲಿಲ್ಲ. ತೆರೆಗೆ ಬಂದದ್ದು ಮಾತ್ರ 1941ರ ಡಿಸೆಂಬರ್‌ನಲ್ಲಿ. ಜರ್ಮನ್ ಸೇನೆ ಮಾಸ್ಕೋ ಹತ್ತಿರ ಹಿಮದಲ್ಲಿ ಸಿಕ್ಕಿಬಿದ್ದಿತ್ತು. ಹೊಸ ಪೈಲಟ್‌ಗಳು ಜಾಸ್ತಿ ಬೇಕಿದ್ದ ಹೊತ್ತು ಅದು.

ಇನ್ನೊಮ್ಮೆ ನೋಡುವಾಗ ಒಂದು ಗಮನಿಸಿ. ಹಾರಾಟ ಕಲಿಸುವ ಮೇಷ್ಟ್ರ ಮಾತನ್ನು ಕ್ವಾಕ್ಸ್ ಕೇಳದಿರುವಷ್ಟು ಹೊತ್ತು ನಾವು ನಗುತ್ತೇವೆ. ಅವರಿಗೆ ತಲೆಬಾಗಿದ ಮೇಲೆ ಮೆಚ್ಚುತ್ತೇವೆ. ಕೊನೆಗೆ ಅವನೇ ಹಾರಾಟ ಕಲಿಸುವ ಮೇಷ್ಟ್ರು. ನನ್ನ ಲೆಕ್ಕದಲ್ಲಿ ಪ್ರಚಾರ ಇರುವುದು ಅಲ್ಲಿ. ಹಾಗಂತ ಯಹೂದಿಗಳ ಮೇಲೆ ವಿಷ ಕಾರುವ ಚಿತ್ರಗಳ ಪಕ್ಕದಲ್ಲೇ ಇದನ್ನೂ ಕೂರಿಸಿದ್ದು ನಮ್ಮ ಆತುರ. ಒಪ್ಪಿಕೊಳ್ಳುತ್ತೇನೆ.

ಚಿತ್ರದ ಹಾಡು ಮನೆಯಲ್ಲಿ ಎಲ್ಲರೂ ಗುನುಗುತ್ತಿದ್ದಾರೆ ಅಂತಲೂ ಬರೆದಿದ್ದೀರಿ. 'ಹೈಮಾತ್, ದೈನೆ ಶ್ಟೆರ್ನೆ', ಅಂದರೆ 'ತವರೇ, ನಿನ್ನ ತಾರೆಗಳು'. ಅದನ್ನು ಬರೆದವನು ಎರಿಶ್ ಕ್ನೌಫ್. ಗೆಳೆಯನೊಬ್ಬನ ಜತೆ ಸರ್ಕಾರವನ್ನು ಗೇಲಿ ಮಾಡಿ ಮಾತಾಡಿದ ಅಂತ ನೆರೆಯವರೇ ದೂರು ಕೊಟ್ಟರು. 1944ರ ಮೇ 2ರಂದು ಅವನ ತಲೆ ತೆಗೆದರು. ಆಮೇಲೆ ಹೆಂಡತಿಗೆ ಬಿಲ್ ಬಂತು. ಮರಣದಂಡನೆಯ ಶುಲ್ಕ 300 ಮಾರ್ಕ್ (ಆಗಿನ ಜರ್ಮನ್ ಹಣ, ಒಂದು ಮಾರ್ಕ್‌ಗೆ ನೂರು ಫೆನಿಗ್). ಅದನ್ನು ಜಾರಿ ಮಾಡಿದ್ದಕ್ಕೆ ಬೇರೆ 158 ಮಾರ್ಕ್ 18 ಫೆನಿಗ್. ವಕೀಲರದ್ದು, ಜೈಲಿನದ್ದು ಎಲ್ಲ ಸೇರಿ 585 ಮಾರ್ಕ್ 74 ಫೆನಿಗ್. ಆ ಬಿಲ್ ಕಳಿಸಿದ ಅಂಚೆ ಖರ್ಚು 12 ಫೆನಿಗ್, ಅದನ್ನೂ ಬಿಡದೆ ಸೇರಿಸಿದ್ದರು.

- ಸಂ.