ಅದೇ ಬಣ್ಣದ ಹಳೇ ಡೋರ್ ಹಾಕಿಸಿದರೆ ಪೇಂಟ್ ಖರ್ಚು ಉಳಿಯುತ್ತಾ?

2013ರ ಸಿಲ್ವರ್ ಮಾರುತಿ ಸ್ವಿಫ್ಟ್, ಬಸ್ ಉಜ್ಜಿ ಡ್ರೈವರ್ ಕಡೆ ಡೋರ್ ಹೋಗಿದೆ, ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಅದೇ ಬಣ್ಣದ್ದು ಸಿಕ್ಕರೆ ಪೇಂಟ್ ಖರ್ಚು ಉಳಿಯುತ್ತಲ್ಲ ಅಂತ ಕೇಳಿದ್ದೀರಿ. ಉಳಿಯುವುದಿಲ್ಲ. ನಾನೂ ಇದೇ ಲೆಕ್ಕ ಹಾಕಿಕೊಂಡು ಹೋದವನು. ಕಾರೂ ಅದೇ, ಬಣ್ಣವೂ ಅದೇ. ನನಗೆ ಗುದ್ದಿದ್ದು ಟೆಂಪೋ, ಅಷ್ಟೇ ವ್ಯತ್ಯಾಸ.

ಟಿಂಕರಿಂಗ್ ಮಾಡುವವರು ನೋಡಿ, "ಇದನ್ನ ಎಳೆದು ಪುಟ್ಟಿ ತುಂಬೋದು ಬೇಡ ಸಾರ್, ಬೇರೆ ಡೋರ್ ತಂದುಬಿಡಿ" ಅಂದರು. ಅಳತೆಗೆ ಬೇಕಾಗುತ್ತೆ ಅಂತ ಹಳೇ ಡೋರ್ ಬಿಚ್ಚಿಸಿ ಆಟೋದಲ್ಲಿ ಹಾಕಿಕೊಂಡು ಹೊರಟೆ. ಗುಜರಿ ಅಂಗಡಿಯಲ್ಲಿ ಗೋಡೆಗೆ ಒರಗಿಸಿಟ್ಟ ಡೋರ್‌ಗಳ ನಡುವೆ ಒಂದು ಸಿಲ್ವರ್ ಕಾಣಿಸಿತು. ಗಾಜು ಸಮೇತ ಇತ್ತು, ಒಂದು ಗೀರೂ ಇರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಆಕಾರ ನೋಡಿದೆ, ಹಿಂಜ್ ಕೂರುವ ಜಾಗ ನೋಡಿದೆ. ಸರಿಯಾಗಿತ್ತು. ಹಿಡಿ ಮಾತ್ರ ಕಪ್ಪಗಿತ್ತು, ನನ್ನದು ಸಿಲ್ವರ್. ಹಿಡಿ ತಾನೇ, ಬದಲಿಸಿದರಾಯ್ತು ಅಂದುಕೊಂಡೆ. "ಹಳೇದು ಇಲ್ಲೇ ಬಿಟ್ಟುಹೋಗಿ, ರೇಟ್ ಸ್ವಲ್ಪ ಕಮ್ಮಿ ಮಾಡ್ತೀನಿ" ಅಂದರು ಅಂಗಡಿಯವರು. ಬಿಟ್ಟುಬಂದೆ.

ನಾನು ಕೆಟ್ಟಿದ್ದು ಅಲ್ಲೇ. ಡೋರ್ ಅಂದರೆ ತಗಡು ಅಂತ ತಿಳಿದಿದ್ದೆ. ಟೆಂಪೋ ಹಾಳು ಮಾಡಿದ್ದು ಆ ತಗಡನ್ನು ಮಾತ್ರ. ಒಳಗಿದ್ದ ಗಾಜು ಏರಿಸುವ ಮೆಷಿನ್, ಅದರ ಮೋಟಾರ್, ಸೆಂಟ್ರಲ್ ಲಾಕ್, ಸ್ವಿಚ್‌ಗಳ ವೈರಿಂಗ್, ಸ್ಪೀಕರ್, ಕೀ ಹಾಕುವ ಲಾಕ್ ಎಲ್ಲ ಚೆನ್ನಾಗಿಯೇ ಇದ್ದವು. ಅಷ್ಟನ್ನೂ ಸುಮ್ನೆ ಗುಜರಿಯವರ ಕೈಗೆ ಕೊಟ್ಟು ಬಂದಿದ್ದೆ. ತಂದದ್ದು ಬೇಸ್ ಮಾಡೆಲ್, ಅಂದರೆ ಸೌಲಭ್ಯ ಕಮ್ಮಿ ಇರುವ ಅಗ್ಗದ ಮಾಡೆಲ್‌ನ ಡೋರ್. ಒಳಗಡೆಯ ಪ್ಯಾಡ್ ಬಿಚ್ಚಿದರೆ ಕೈಯಲ್ಲಿ ತಿರುಗಿಸುವ ಮೆಷಿನ್! ಮೋಟಾರೂ ಇಲ್ಲ, ವೈರೂ ಇಲ್ಲ. ಆ ಕಪ್ಪು ಹಿಡಿ ಹೇಳುತ್ತಿದ್ದದ್ದು ಇದನ್ನೇ. ಮರುದಿನ ಓಡಿದೆ. ನನ್ನ ಡೋರ್ ಆಗಲೇ ಬಿಚ್ಚಿ ಮಾರಾಟವಾಗಿತ್ತು, ಕೊಟ್ಟ ಮಾಲು ವಾಪಸ್ ತೆಗೆದುಕೊಳ್ಳಲ್ಲ ಅಂದರು. ಜೆ.ಸಿ. ರಸ್ತೆಯಲ್ಲಿ ಒಂದೊಂದೇ ಸಾಮಾನು ಹುಡುಕಿ ಕೊಂಡೆ. ಡೋರ್‌ಗಿಂತ ಅದಕ್ಕೇ ಜಾಸ್ತಿ ಆಯಿತು. ಕೀ ಕಥೆ ಇನ್ನೂ ಚೆನ್ನಾಗಿದೆ: ಸ್ಟಾರ್ಟ್ ಮಾಡೋಕೆ ಒಂದು ಕೀ, ಡೋರ್ ತೆಗೆಯೋಕೆ ಇನ್ನೊಂದು. ಹೆಂಡತಿ ಇವತ್ತಿಗೂ ಬೈಯುತ್ತಾಳೆ.

ಇನ್ನು ಬಣ್ಣ. ಪೇಂಟ್ ಕೋಡ್ ಒಂದೇ ಇದ್ದರೂ ಆ ಕಾರು ನಿಂತ ಬಿಸಿಲು ಬೇರೆ, ನಿಮ್ಮದು ನಿಂತ ಬಿಸಿಲು ಬೇರೆ. ಸಿಲ್ವರ್‌ನಂಥ ಮೆಟಾಲಿಕ್ ಬಣ್ಣದಲ್ಲಿ ಇದು ಎದ್ದು ಕಾಣುತ್ತದೆ. ನೇರವಾಗಿ ನೋಡಿದರೆ ಸರಿ, ಓರೆಯಾಗಿ ನೋಡಿದರೆ ತೇಪೆ ಹಾಕಿದ ಹಾಗೆ. ಕೊನೆಗೆ ಪೇಂಟ್ ಮಾಡಿಸಿದೆ. ಪೇಂಟರ್ ಅಕ್ಕಪಕ್ಕದ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು), ಹಿಂದಿನ ಡೋರ್ ಮೇಲೂ ಸ್ವಲ್ಪ ಹರಡಿ ಹೊಂದಿಸಿದರು.

ಹಾಗಾಗಿ ಬಣ್ಣ ಮರೆತುಬಿಡಿ. ಕೆಂಪೋ ಬಿಳಿಯೋ, ಕಂಪನಿ ಪೇಂಟ್ ಇರುವ ನೆಟ್ಟಗಿನ ಡೋರ್ ಹುಡುಕಿ. ಹೊಸದಾಗಿ ಪೇಂಟ್ ಹೊಡೆದು ಫಳಫಳ ಅನ್ನುವುದನ್ನು ಮುಟ್ಟಬೇಡಿ. ಬಟ್ಟೆ ಸುತ್ತಿದ ಆಯಸ್ಕಾಂತ ಆಡಿಸಿ. ಎಲ್ಲಿ ಹಿಡಿತ ಸಡಿಲವೋ ಅಲ್ಲಿ ಪುಟ್ಟಿ. ಕೆಳಗಿನ ಮಡಿಕೆಯಲ್ಲಿ ನೀರು ಹೋಗುವ ತೂತುಗಳ ಹತ್ತಿರ ಬೆರಳಾಡಿಸಿ, ತುಕ್ಕು ಶುರುವಾಗುವುದೇ ಅಲ್ಲಿಂದ. ನಿಮ್ಮದು 2011ರಲ್ಲಿ ಬಂದ ಬಾಡಿ. 2005ರಲ್ಲಿ ಬಂದ ಬಾಡಿಯ ಡೋರ್ ಆಗಲಿ 2018ರಲ್ಲಿ ಬಂದದ್ದರದಾಗಲಿ ಕೂರುವುದಿಲ್ಲ, ಯಾರು "ಅಡ್ಜಸ್ಟ್ ಆಗುತ್ತೆ" ಅಂದರೂ ನಂಬಬೇಡಿ. ನಿಮ್ಮ ಹಾಳಾದ ಡೋರ್ ಮಾತ್ರ, ಬದಲಿ ಡೋರ್ ಕೂತು, ಗಾಜು ಏರಿಳಿದು, ಲಾಕ್ ಬಿದ್ದ ಮೇಲೂ ನಿಮ್ಮ ಮನೆಯಲ್ಲೇ ಇರಲಿ.

ಇನ್ಶೂರೆನ್ಸ್ ಬಗ್ಗೆಯೂ ಕೇಳಿದ್ದೀರಿ. 10 ವರ್ಷ ದಾಟಿದ ಕಾರಿಗೆ, ಝೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಪಾಲಿಸಿ) ಇಲ್ಲದಿದ್ದರೆ, ಲೋಹದ ಭಾಗಗಳ ಬೆಲೆಯಲ್ಲಿ ಶೇ. 50 ಸವಕಳಿ ಅಂತ ಕಳೆದು ಕೊಡುತ್ತಾರೆ. ಮೇಲೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯೂ ಹೋಗುತ್ತದೆ. ಒಂದು ಡೋರ್‌ಗೆ ನಾನಾದರೆ ಕ್ಲೇಮ್ ಮಾಡಲ್ಲ.

ಅದಕ್ಕಿಂತ, ಗುಜರಿಗೆ ಹೋಗುವ ಮುಂಚೆ ಕಂಪನಿ ಪಾರ್ಟ್ಸ್ ಕೌಂಟರ್‌ನಲ್ಲಿ ಚಾಸಿ ನಂಬರ್ ಕೊಟ್ಟು ಬರೀ ಡೋರ್‌ನ ರೇಟ್ ಕೇಳಿ. ಅದು ಬಣ್ಣವಿಲ್ಲದೆ ಬರುತ್ತದೆ, ಹೇಗಿದ್ದರೂ ಪೇಂಟ್ ಮಾಡಿಸುತ್ತೀರಲ್ಲ. ಒಳಗಿನ ಸಾಮಾನು ನಿಮ್ಮ ಹಳೇ ಡೋರ್‌ನಲ್ಲೇ ಇದೆ. ನಾನು ಈ ರೇಟ್ ಕೇಳಿದ್ದು ಎಲ್ಲಾ ಮುಗಿದ ಮೇಲೆ. ಒಟ್ಟು ಖರ್ಚು ಮಾಡಿದ್ದಕ್ಕಿಂತ ಕಡಿಮೆಯೇ ಇತ್ತು.